ಕುದುರೆಯ ಬೆನ್ನ ಮೇಲೆ ಉಳಿದ ಬಟ್ಟೆ

ಕೇಳುಗರೇ, ನಮಸ್ಕಾರ.

ಚೀನಾದಲ್ಲಿ ಇನ್ನೊಬ್ಬಳ ಗಂಡನನ್ನು ಮರುಳು ಮಾಡಿದ ಹೆಂಗಸಿಗೆ ಒಂದು ಬೈಗುಳವಿದೆ, 'ಹುಲಿ ಜಿಂಗ್'. ಇದು ನಮ್ಮ ಹುಲಿಯಲ್ಲ. ಚೀನೀ ಮಾತಿನಲ್ಲಿ 'ಹುಲಿ' ಅಂದರೆ ನರಿ. ಹುಲಿ ಜಿಂಗ್ ಅಂದರೆ ನರಿಮಾಯೆ.

ಮರುಳು ಮಾಡುವವಳೆಂಬ ಈ ಹೆಸರು ನರಿಗೆ ಮೊದಲಿನಿಂದ ಇರಲಿಲ್ಲ. 'ಶಾನ್‌ಹೈ ಜಿಂಗ್' ಎಂಬ ಬಹಳ ಹಳೆಯ ಗ್ರಂಥದಲ್ಲಿ ಅದು ಒಂಬತ್ತು ಬಾಲದ ಪ್ರಾಣಿ. ಎಳೆಗೂಸಿನ ಹಾಗೆ ಕೂಗುತ್ತದೆ, ಮನುಷ್ಯರನ್ನು ತಿನ್ನುತ್ತದೆ. ಹಾನ್ ರಾಜರ ಕಾಲಕ್ಕೆ ಅದೇ ನರಿ ಶುಭಶಕುನವಾಯಿತು. ಒಂಬತ್ತು ಬಾಲ ಅಂದರೆ ಮನೆತುಂಬ ಮಕ್ಕಳು ಅಂತ ಅರ್ಥ ಹೇಳಿದರು. ಟಾಂಗ್ ರಾಜರ ಕಾಲದಲ್ಲಂತೂ ಜನ ಮನೆಯ ಕೋಣೆಯಲ್ಲೇ ನರಿಯನ್ನು ಪೂಜಿಸಿ, ತಾವು ಉಣ್ಣುವುದನ್ನೇ ಎಡೆ ಇಡುತ್ತಿದ್ದರು. ನರಿಯಿಲ್ಲದೆ ಊರಿಲ್ಲ ಎಂಬ ಗಾದೆಯೇ ಇತ್ತು. ನರಿ ತಲೆಯ ಮೇಲೆ ಬುರುಡೆ ಇಟ್ಟುಕೊಂಡು ಸಪ್ತರ್ಷಿ ಮಂಡಲಕ್ಕೆ ಬಾಗುತ್ತದಂತೆ. ಬುರುಡೆ ಜಾರದಿದ್ದರೆ ಅದು ಮನುಷ್ಯರೂಪ ತಾಳುತ್ತದೆ.

ಹೆಣ್ಣುರೂಪ ಬಂದ ಮೇಲೆ ಅಪವಾದವೂ ಜಾಸ್ತಿಯಾಯಿತು. ಶಾಂಗ್ ರಾಜ್ಯ ಹಾಳಾದದ್ದು ರಾಣಿ ದಾಜಿಯಿಂದ, ಅವಳು ನಿಜಕ್ಕೂ ನರಿ ಅಂತ ಕಥೆ ಕಟ್ಟಿದರು. ರಾಜನ ತಪ್ಪನ್ನು ಯಾರೂ ಕೇಳಲಿಲ್ಲ, ಅಲ್ವಾ?

ಆದರೆ ಅದೇ ಟಾಂಗ್ ಕಾಲದಲ್ಲಿ ಶೆನ್ ಜಿಜಿ ಬರೆದ ರೆನ್ ಎಂಬ ನರಿಹೆಣ್ಣಿನ ಕಥೆ ನನ್ನನ್ನು ಬಿಡುವುದಿಲ್ಲ. ಬಡವ ಝೆಂಗ್‌ಗೆ ಅವಳು ನರಿ ಅಂತ ಗೊತ್ತಾಗುತ್ತದೆ. ಆದರೂ ಅವಳನ್ನು ಬಿಡುವುದಿಲ್ಲ. ಅವಳೂ ಅಷ್ಟೇ, ಬಲವಂತ ಮಾಡಲು ಬಂದ ಸಿರಿವಂತನೇ ನಾಚುವ ಹಾಗೆ ಮಾತಾಡಿ ಮಾನ ಉಳಿಸಿಕೊಳ್ಳುತ್ತಾಳೆ. ಮುಂದೆ ಝೆಂಗ್‌ಗೆ ದೂರದ ಊರಲ್ಲಿ ಕೆಲಸ ಸಿಗುತ್ತದೆ. "ಈ ವರ್ಷ ಪಶ್ಚಿಮಕ್ಕೆ ಹೋಗಬಾರದಂತೆ" ಅನ್ನುತ್ತಾಳೆ ರೆನ್. ಅವನು ನಕ್ಕು ಒತ್ತಾಯ ಮಾಡುತ್ತಾನೆ. ಮಾವೆಯ್ ಎಂಬಲ್ಲಿ ಹುಲ್ಲಿನೊಳಗಿಂದ ಬೇಟೆನಾಯಿಗಳು ನುಗ್ಗುತ್ತವೆ. ಅವಳು ಕುದುರೆಯಿಂದ ಬಿದ್ದು ನರಿಯಾಗಿ ಓಡುತ್ತಾಳೆ. ನಾಯಿಗಳು ಬಿಡುವುದಿಲ್ಲ. ಝೆಂಗ್ ಹಣ ಕೊಟ್ಟು ಹೆಣ ಬಿಡಿಸಿಕೊಂಡು ಮಣ್ಣು ಮಾಡುತ್ತಾನೆ. ತಿರುಗಿ ನೋಡಿದರೆ ಕುದುರೆ ದಾರಿ ಪಕ್ಕ ಸುಮ್ನೆ ಮೇಯುತ್ತಿದೆ. ಅವಳ ಬಟ್ಟೆ ಜೀನಿನ ಮೇಲೆ, ಪಾದರಕ್ಷೆ ಕಾಲಿಡುವ ರಿಕಾಪಿನಲ್ಲಿ ನೇತಾಡುತ್ತಿವೆ, ಜೀರುಂಡೆ ಬಿಟ್ಟುಹೋದ ಪೊರೆಯ ಹಾಗೆ.

ಸುಮಾರು 860 ವರ್ಷಗಳ ನಂತರ, 1640ರಲ್ಲಿ, ಶಾನ್‌ಡಾಂಗ್‌ನಲ್ಲಿ ಕಥೆಗಾರ ಪು ಸಾಂಗ್‌ಲಿಂಗ್ ಹುಟ್ಟಿದ. ಸರ್ಕಾರಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸೋತು, ಪಾಠ ಹೇಳಿ ಬದುಕಿದವನು. ಅವನ ಕಥೆಗಳಲ್ಲಿ ನರಿಹೆಣ್ಣುಗಳು ಎಷ್ಟೋ ಮನುಷ್ಯರಿಗಿಂತ ಒಳ್ಳೆಯವರು. ಯಿಂಗ್‌ನಿಂಗ್ ನರಿತಾಯಿಗೆ ಹುಟ್ಟಿದ ಹುಡುಗಿ. ಹೂವೆಂದರೆ ಪ್ರಾಣ, ಸದಾ ನಗು. ಮದುವೆಯ ದಿನ ನಗು ತಡೆಯಲಾರದೆ ಶಾಸ್ತ್ರವೇ ನಿಂತುಹೋಗುತ್ತದೆ. ಆಮೇಲೊಮ್ಮೆ ಅತ್ತೆ ಬೈಯುತ್ತಾಳೆ. ಅಂದಿನಿಂದ ಯಾರು ಎಷ್ಟು ನಗಿಸಿದರೂ ಯಿಂಗ್‌ನಿಂಗ್ ನಗುವುದಿಲ್ಲ.