ಒಮ್ಮೆ ಹೊತ್ತಿದರೆ ತಾನೇ ನಡೆಯುವ ಬೆಂಕಿ

ಕೇಳುಗರಿಗೆ ನಮಸ್ಕಾರ.

ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಕಡೆ ರೈಲು ಹಳಿ ಬೆಸೆಯುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಅಲ್ಯೂಮಿನಿಯಂ ಪುಡಿ, ಕಬ್ಬಿಣದ ಆಕ್ಸೈಡು ಬೆರೆಸಿದ ಮೂಸೆಗೆ ಒಂದು ಕಡ್ಡಿ ಹಚ್ಚಿ ಹಾಕುತ್ತಾರೆ. ಭುಗ್ ಅಂತ ಉರಿದು, ಸ್ವಲ್ಪ ಹೊತ್ತಿಗೆಲ್ಲ ಕರಗಿದ ಉಕ್ಕು ಹಳಿಗಳ ನಡುವೆ ಇಳಿಯುತ್ತದೆ. ಆ ಉಕ್ಕು ಕರಗಿಸಲು ಕಲ್ಲಿದ್ದಲಿಲ್ಲ, ಗ್ಯಾಸಿಲ್ಲ. ಅದಕ್ಕೆ ಬೇಕಾದ ಕಾವು ಆ ಪುಡಿಯೊಳಗೇ ಇತ್ತು.

ಲೋಹದ ಸಿಲಿಸೈಡುಗಳನ್ನೂ, ಅಂದರೆ ಲೋಹ ಮತ್ತು ಸಿಲಿಕಾನ್ ಕೂಡಿ ಆಗುವ ವಸ್ತುಗಳನ್ನೂ, ಹೀಗೇ ಮಾಡಬಹುದು. ಸೋವಿಯತ್ ನಾಡಿನ ಚೆರ್ನೊಗೊಲೊವ್ಕಾದಲ್ಲಿ 1967ರಲ್ಲಿ ವಿಜ್ಞಾನಿ ಮೆರ್ಝಾನೊವ್ ಮತ್ತು ಜೊತೆಗಾರರು ಕಂಡುಕೊಂಡ ದಾರಿ ಇದು.

ಮಾಲಿಬ್ಡಿನಂ ಡೈಸಿಲಿಸೈಡನ್ನೇ ತೆಗೆದುಕೊಳ್ಳಿ. 63 ಗ್ರಾಂ ಮಾಲಿಬ್ಡಿನಂ ಪುಡಿಗೆ 37 ಗ್ರಾಂ ಸಿಲಿಕಾನ್ ಪುಡಿ ಬೆರೆಸಿ, ಅಚ್ಚಿನಲ್ಲಿ ಒತ್ತಿ ಕಡ್ಡಿ ಮಾಡುತ್ತಾರೆ. ಬೇರೆ ವಸ್ತುಗಳ ಜೊತೆ ಕೂಡಿಕೊಳ್ಳದ ಆರ್ಗಾನ್ ಅನಿಲ ತುಂಬಿದ ಪಾತ್ರೆಯಲ್ಲಿ ನಿಲ್ಲಿಸಿ, ಮೇಲ್ತುದಿಗೆ ಟಂಗ್‌ಸ್ಟನ್ ಸುರುಳಿಯಿಂದ ಕಾವು ಕೊಡುತ್ತಾರೆ. ತುದಿ ಹೊತ್ತಿಕೊಂಡರೆ ಕರೆಂಟು ತೆಗೆಯಬಹುದು. ಕಣ್ಣು ಕುಕ್ಕುವ ಒಂದು ತೆಳು ಪಟ್ಟಿ ಮೇಲಿಂದ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಪಟ್ಟಿಯ ಮೇಲೆ ಸಿಲಿಸೈಡು, ಕೆಳಗೆ ಇನ್ನೂ ಬರೀ ಪುಡಿ. ಒಂದು ಪದರ ಕೂಡಿಕೊಳ್ಳುವಾಗ ಹೊಮ್ಮಿದ ಕಾವು ಮುಂದಿನ ಪದರವನ್ನು ಹೊತ್ತಿಸುತ್ತದೆ. ಇಲ್ಲಿ ಆಮ್ಲಜನಕದ ಪಾತ್ರವೇ ಇಲ್ಲ, ಗಮನಿಸಿ!

ಇಷ್ಟು ಬೇಗ ಹೇಗೆ? ಗುಟ್ಟು ಸಿಲಿಕಾನಿನಲ್ಲಿದೆ. ಅದು 1414 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಮಾಲಿಬ್ಡಿನಂ ಕರಗಲು 2600 ದಾಟಬೇಕು. ಹಾಗಾಗಿ ಪಟ್ಟಿ ಬಂದಾಗ ಸಿಲಿಕಾನ್ ನೀರಾಗಿ, ಗಟ್ಟಿಯಾಗೇ ಉಳಿದ ಮಾಲಿಬ್ಡಿನಂ ಕಣಗಳ ಸುತ್ತ ಹರಡಿಕೊಳ್ಳುತ್ತದೆ. ಎರಡೂ ಗಟ್ಟಿಯಾಗೇ ಇದ್ದಿದ್ದರೆ ಪರಮಾಣುಗಳು ಪದರದೊಳಗೆ ತೆವಳಿಕೊಂಡೇ ಸಾಗಬೇಕಿತ್ತು. ಮಾಲಿಬ್ಡಿನಂ ಪುಡಿ ನುಣ್ಣಗಾದಷ್ಟೂ ಪಟ್ಟಿಯ ಓಟ ಜಾಸ್ತಿ.

ನನಗೆ ತುಂಬಾ ಹಿಡಿಸುವುದು ಇದರ ವೇಗ ಅಳೆಯುವ ಉಪಾಯ. ಕ್ರಿಯೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ, ನಿಲ್ಲಿಸಿ ನೋಡೋಣ ಅಂದ್ರೆ ಆಗಲ್ಲ. ಅದಕ್ಕೇ ಮೊದಲೇ ತಯಾರಾದ ಸಿಲಿಸೈಡನ್ನು ಪುಡಿಗೆ ಸ್ವಲ್ಪ ಬೆರೆಸುತ್ತಾರೆ. ಅದು ಕಾವು ಕೊಡುವುದಿಲ್ಲ, ಸುಮ್ನೆ ಹೀರಿಕೊಳ್ಳುತ್ತದೆ. ಉಷ್ಣತೆ ಇಳಿಯುತ್ತದೆ, ಪಟ್ಟಿ ನಿಧಾನವಾಗುತ್ತದೆ. ಅತಿಯಾದರೆ ಅರ್ಧದಲ್ಲೇ ಆರಿಹೋಗುತ್ತದೆ. ಬೆರಕೆ ಬದಲಾಯಿಸುತ್ತಾ, ಕ್ಯಾಮೆರಾದಲ್ಲಿ ವೇಗ, ಕೂದಲೆಳೆಯಂಥ ಥರ್ಮೋಕಪಲ್‌ನಲ್ಲಿ ಉಷ್ಣತೆ ಅಳೆದು ನಕ್ಷೆ ಬರೆದರೆ, ಗೆರೆಯ ಇಳಿಜಾರಿನಿಂದ ಕ್ರಿಯಾಕಾರಿ ಶಕ್ತಿ, ಅಂದರೆ ಕ್ರಿಯೆ ಶುರುವಾಗಲು ದಾಟಬೇಕಾದ ಶಕ್ತಿಯ ಹೊಸ್ತಿಲು, ಸಿಗುತ್ತದೆ. ಸೆಕೆಂಡ್ ಪಿಯುಸಿ ಮಕ್ಕಳೇ, ಉಷ್ಣತೆಗೂ ಕ್ರಿಯೆಯ ವೇಗಕ್ಕೂ ಇರುವ ನಂಟು ಹೇಳುವ, ನೀವು ಓದುವ ಅರ್ಹೀನಿಯಸ್ ಸಮೀಕರಣವೇ ಇದರ ಬುನಾದಿ. ಪರೀಕ್ಷೆಗೆ ಮಾತ್ರ ಅಂತ ಉರು ಹೊಡೆಯಬೇಡಿ, ಅಲ್ವಾ?

ಹೀಗೆ ಬಂದ ಕಡ್ಡಿ ತೂತುತೂತಾಗಿರುತ್ತದೆ. ಅದನ್ನು ಪುಡಿ ಮಾಡಿ, ಮತ್ತೆ ಕಾಯಿಸಿ ಒತ್ತಿ ಗಟ್ಟಿ ಮಾಡಬೇಕು. ಮಾಲಿಬ್ಡಿನಂ ಡೈಸಿಲಿಸೈಡಿನ ಹೀಟರ್ ಕಡ್ಡಿಗಳು ಗಾಳಿಯಲ್ಲೇ 1700 ಡಿಗ್ರಿ ದಾಟಿ ಕೆಲಸ ಮಾಡುತ್ತವೆ, ಮೈಮೇಲೆ ಗಾಜಿನಂಥ ಸಿಲಿಕಾ ಪೊರೆ ಕಟ್ಟಿಕೊಳ್ಳುವುದರಿಂದ. ವಿಚಿತ್ರ ಅಂದ್ರೆ, 500 ಡಿಗ್ರಿ ಆಸುಪಾಸಿನಲ್ಲಿ ಆ ಪೊರೆ ಸರಿಯಾಗಿ ಕೂರುವುದಿಲ್ಲ, ಬಿರುಕು ಬಿಟ್ಟ ವಸ್ತು ಪುಡಿಪುಡಿ ಆಗಬಹುದು.

ಒಂದು ಮಾತು. ಲೋಹದ ಪುಡಿಗೆ ಬೆಂಕಿ ಹಚ್ಚುವ ಕೆಲಸ ಪ್ರಯೋಗಾಲಯದಲ್ಲಿ, ತಿಳಿದವರ ಜೊತೆಗೇ ಆಗಬೇಕು. ಮನೆಯಲ್ಲಿ ಖಂಡಿತ ಬೇಡ. ನಮಸ್ಕಾರ.