ಕಾಲು ಹಾಕೋಕೆ ಮುಂಚೆ ನಿಲ್ಲೋದು ಕಲಿಸಿ

ನಮಸ್ಕಾರ. ಶನಿವಾರ ಬೆಳಿಗ್ಗೆ ಏಳಕ್ಕೆ ಬೆಂಗಳೂರಿನ ಯಾವ ಫುಟ್‌ಬಾಲ್ ಟರ್ಫ್‌ಗಾದ್ರೂ ಹೋಗಿ ನಿಂತ್ಕೊಳ್ಳಿ. ಬಲೆ ಆಚೆಯಿಂದ ಕೇಳಿಸೋದು ಎರಡೇ ಮಾತು: ‘ಹೋಗು, ಹೋಗು!’, ಆಮೇಲೆ ‘ಬಿಡಬೇಡ!’. ಹತ್ತು ವರ್ಷದ ಹುಡುಗ ಪಾಪ ಹೋಗ್ತಾನೆ. ಫುಲ್ ಸ್ಪೀಡಲ್ಲಿ ಹೋಗಿ ಕಾಲು ಚಾಚ್ತಾನೆ. ಎದುರಿನವನು ಬಾಲನ್ನ ಒಂದು ಗೇಣು ಪಕ್ಕಕ್ಕೆ ಸರಿಸ್ತಾನೆ, ಅಷ್ಟೇ. ನಮ್ಮ ಹುಡುಗ ಸ್ಟಾಪ್ ದಾಟಿ ನಿಲ್ಲೋ ಬಸ್ಸಿನ ಹಾಗೆ ಮುಂದೆ ಹೋಗಿಬಿಡ್ತಾನೆ. ಆಮೇಲೆ ಬೈಗುಳ ಮಾತ್ರ ಅವನಿಗೇ.

ನನ್ನ ತಕರಾರು ಇರೋದು ಇಲ್ಲಿ. ಟ್ಯಾಕಲ್, ಅಂದ್ರೆ ಎದುರಾಳಿ ಕಾಲಿಂದ ಬಾಲ್ ಕಿತ್ಕೊಳ್ಳೋದು, ಬರೀ ಧೈರ್ಯದ ಕೆಲಸ ಅಂತ ಕಲಿಸ್ತಿದ್ದೀವಿ. ಧೈರ್ಯ ಆ ವಯಸ್ಸಿನ ಮಕ್ಕಳಲ್ಲಿ ಬೇಕಾದಷ್ಟಿದೆ, ಸ್ವಲ್ಪ ಜಾಸ್ತೀನೇ ಇದೆ. ಇಲ್ಲದಿರೋದು ನಿಲುವು. ಮಂಡಿ ಎಲ್ಲಿರಬೇಕು, ಭಾರ ಯಾವ ಕಾಲಿನ ಮೇಲಿರಬೇಕು, ಎಷ್ಟು ದೂರದಲ್ಲಿ ಬ್ರೇಕ್ ಹಾಕಬೇಕು, ಇದನ್ನ ಯಾರೂ ಹೇಳಿರಲ್ಲ. ಹೀಗಾಗಿ ನಾನು ಹೇಳೋದಿಷ್ಟೇ: ಹೊಸದಾಗಿ ಬಂದ ಮಗುವಿಗೆ ಮೊದಲ ನಾಲ್ಕು ವಾರ ಬಾಲ್ ಕಿತ್ಕೊಳ್ಳೋದನ್ನೇ ಕಲಿಸಬೇಡಿ. ಎದುರಿಗೆ ನಿಲ್ಲೋದು ಕಲಿಸಿ.

ಕಬಡ್ಡಿ ನೋಡಿರೋರಿಗೆ ಇದು ಥಟ್ ಅಂತ ಅರ್ಥ ಆಗುತ್ತೆ. ರೈಡರ್ ಒಳಗೆ ಬಂದ ತಕ್ಷಣ ಒಳ್ಳೆ ಕ್ಯಾಚರ್ ಮೇಲೆ ಬೀಳ್ತಾನಾ? ಇಲ್ಲ. ಮಂಡಿ ಬಗ್ಗಿಸಿ, ಮುಂಗಾಲ ಮೇಲೆ ಭಾರ ಹಾಕಿ, ಹಿಂದೆ ಮುಂದೆ ಸರೀತಾ ಕಾಯ್ತಾನೆ. ರೈಡರ್ ಕಾಲು ಚಾಚಿ ಬ್ಯಾಲೆನ್ಸ್ ಕಳ್ಕೊಂಡ ಕ್ಷಣ ಹಿಡೀತಾನೆ. ಫುಟ್‌ಬಾಲಲ್ಲಿ ಅದೇ ಕಾಯುವಿಕೆಗೆ ಜಾಕಿಯಿಂಗ್ ಅಂತಾರೆ.

ಈ ನಿಲುವನ್ನ ಬಿಡಿಸಿ ಹೇಳ್ತೀನಿ. ಎದುರಾಳಿ ಕಡೆ ಜೋರಾಗೇ ಓಡಬೇಕು, ಅದರಲ್ಲಿ ಉದಾಸೀನ ಇಲ್ಲ. ಆದ್ರೆ ಕೊನೆ ಮೂರು ನಾಲ್ಕು ಮೀಟರಲ್ಲಿ ಹೆಜ್ಜೆ ಚಿಕ್ಕದಾಗಬೇಕು, ಟಪಟಪ ಅಂತ. ಒಂದು ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಬೇಕು. ಪಾದ ಎರಡೂ ಭುಜದಷ್ಟು ಅಗಲ, ಒಂದು ಮುಂದೆ, ಒಂದು ಹಿಂದೆ. ಮೈ ಓರೆ. ಹಿಮ್ಮಡಿ ನೆಲಕ್ಕೆ ತಾಗಿಯೂ ತಾಗದ ಹಾಗೆ. ಕಣ್ಣು ಬಾಲ್ ಮೇಲೆ, ಎದುರಾಳಿಯ ಸೊಂಟದ ಆಟಕ್ಕೂ ಭುಜದ ಆಟಕ್ಕೂ ಮರುಳಾಗಬಾರದು.

ಓರೆ ಯಾಕೆ? ಎದೆ ನೇರವಾಗಿ ಕೊಟ್ಟು ನಿಂತ್ರೆ ಎರಡು ಕಾಲಿನ ಸಂದಿ ತೆರೆದ ಬಾಗಿಲು. ನಟ್‌ಮೆಗ್ ಆಗೇ ಆಗುತ್ತೆ, ಅಂದ್ರೆ ಬಾಲ್ ಆ ಸಂದಿಯಿಂದಲೇ ದಾಟಿಹೋಗುತ್ತೆ. ಅದಕ್ಕಿಂತ ದೊಡ್ಡ ತೊಂದ್ರೆ, ಹಿಂದೆ ತಿರುಗಿ ಓಡೋಕೆ ಪೂರ್ತಿ ಮೈ ತಿರುಗಿಸಬೇಕು. ಅಷ್ಟರಲ್ಲಿ ಅವನು ಗೋಲ್‌ಕೀಪರ್ ಮುಂದೆ ಇರ್ತಾನೆ. ಯಾವ ಕಾಲು ಮುಂದೆ ಅನ್ನೋದಕ್ಕೂ ಲೆಕ್ಕ ಇದೆ. ಟಚ್‌ಲೈನ್, ಅಂದ್ರೆ ಮೈದಾನದ ಪಕ್ಕದ ಉದ್ದ ಗೆರೆ, ಅದರ ಹತ್ತಿರ ಆದ್ರೆ ಮೈದಾನದ ಒಳಗಿನ ಕಡೆ ಇರೋ ಕಾಲು ಮುಂದೆ, ಗೆರೆ ಕಡೆ ಕಾಲು ಹಿಂದೆ. ಆಗ ಒಳದಾರಿ ಮುಚ್ಚುತ್ತೆ, ಎದುರಾಳಿ ಗೆರೆ ಕಡೆಗೇ ಹೋಗಬೇಕು. ಆ ಗೆರೆ ಇನ್ನೊಬ್ಬ ಡಿಫೆಂಡರ್ ಇದ್ದಂಗೆ, ಸುಸ್ತಾಗಲ್ಲ, ನೀರೂ ಕೇಳಲ್ಲ.

ಹಿಂದೆ ಸರಿಯುವಾಗ ಕಾಲು ಕತ್ತರಿ ಹಾಕಬಾರದು. ಮಕ್ಕಳು ಅತಿ ಹೆಚ್ಚು ತಪ್ಪೋದು ಇಲ್ಲೇ. ಕತ್ತರಿ ಹಾಕಿದ ಆ ಅರ್ಧ ಕ್ಷಣದಲ್ಲಿ ಎದುರಾಳಿ ದಿಕ್ಕು ಬದಲಿಸಿದ್ರೆ ನಮ್ಮ ಹುಡುಗಿ ತನ್ನ ಕಾಲಿಗೇ ತಾನು ಎಡವ್ತಾಳೆ.

ಅಭ್ಯಾಸಕ್ಕೆ ದೊಡ್ಡ ಗ್ರೌಂಡ್ ಬೇಡ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ನಾಲ್ಕು ಕೋನ್, ಇಬ್ಬರು ಮಕ್ಕಳು. ಮೊದಲ ಸುತ್ತಲ್ಲಿ ಡಿಫೆಂಡರ್ ಬಾಲ್ ಮುಟ್ಟೋ ಹಾಗೇ ಇಲ್ಲ. ಐದು ಸೆಕೆಂಡ್ ಎದುರಾಳಿಯನ್ನ ದಾಟೋಕೆ ಬಿಡದಿದ್ರೆ ಒಂದು ಪಾಯಿಂಟ್. ಮಕ್ಕಳು ಗೊಣಗ್ತಾರೆ, ಗೊಣಗಲಿ. ಎರಡನೇ ಸುತ್ತಲ್ಲಿ ಮುಂದಿನ ಕಾಲಿನ ತುದಿಯಿಂದ ಬಾಲನ್ನ ಚುಚ್ಚಿ ತಳ್ಳೋಕೆ ಅವಕಾಶ, ಅದು ಪೋಕ್. ಭಾರ ಮಾತ್ರ ಹಿಂದಿನ ಕಾಲಿನ ಮೇಲೇ ಇರಬೇಕು, ತಪ್ಪಿದ್ರೂ ಮತ್ತೆ ನಿಲುವಿಗೆ ಬರೋ ಹಾಗೆ. ಪಾದದ ಒಳಮೈಯನ್ನ ಬಾಲಿಗೆ ಅಡ್ಡ ಕೊಟ್ಟು ತಡೆಯೋ ಬ್ಲಾಕ್ ಟ್ಯಾಕಲ್ ಏನಿದ್ರೂ ಮೂರನೇ ಸುತ್ತಿಗೆ.

ಬ್ಲಾಕ್ ಟ್ಯಾಕಲ್ ಹತ್ರ ಸ್ವಲ್ಪ ನಿಧಾನ ಮಾಡೋಣ, ಏಟು ಬೀಳೋದೂ ಇಲ್ಲೇ. ಊರುವ ಕಾಲು ಬಾಲಿನ ಪಕ್ಕದಲ್ಲೇ ಇರಬೇಕು, ಮಂಡಿ ಬಗ್ಗಿರಬೇಕು. ಹೊಡೆಯುವ ಕಾಲು ಹೊರಕ್ಕೆ ತಿರುಗಿ, ಪಾದದ ಒಳಮೈ ಬಾಲಿನ ನಡುಮಧ್ಯಕ್ಕೆ ಸಿಗಬೇಕು. ಎದೆ ಮತ್ತು ತಲೆ ಬಾಲಿನ ಮೇಲೆ ಬಾಗಿರಬೇಕು. ಹಿಂದಕ್ಕೆ ವಾಲಿದ್ರೆ ಪಾದ ತಾನಾಗೇ ಮೇಲೇಳುತ್ತೆ, ಬೂಟಿನ ಅಡಿಯ ಸ್ಟಡ್ ಎದುರಿನವನ ಮಂಡಿ ಕೆಳಗಿನ ಮೂಳೆಗೋ ಮಂಡಿಗೋ ತಾಗುತ್ತೆ. ಟ್ಯಾಕಲ್ ಮಾಡಿದ ಹುಡುಗನಿಗೆ ಕೆಟ್ಟ ಬುದ್ಧಿ ಇರಲಿಲ್ಲ, ಸೊಂಟ ಹಿಂದಿತ್ತು ಅಷ್ಟೇ. ಊರುವ ಕಾಲು ಬಾಲಿಂದ ದೂರ ಇದ್ರೆ ಇನ್ನೊಂದು ಕಾಲನ್ನ ಚಾಚಬೇಕಾಗುತ್ತೆ. ಚಾಚಿದ ಕಾಲಿನ ಮಂಡಿ ನೇರ ಆಗುತ್ತೆ, ಡಿಕ್ಕಿಯ ಏಟು ಮಂಡಿಗೋ ತೊಡೆಸಂದಿಗೋ ಹೋಗುತ್ತೆ.

ಕಣಕಾಲು ಲಾಕ್ ಆಗಿದೆಯಾ ಅಂತ ನೋಡೋಕೆ ಒಂದು ಪರೀಕ್ಷೆ. ಮಗುವನ್ನ ನೆಲದ ಮೇಲೆ ಕೂರಿಸಿ, ಕಾಲು ಹೊರಕ್ಕೆ ತಿರುಗಿಸಿ, ಬೆರಳನ್ನ ಮೇಲಕ್ಕೆ ಎಳ್ಕೊಳ್ಳೋಕೆ ಹೇಳಿ. ನೀವು ಅಂಗೈಯಿಂದ ಪಾದದ ಒಳಮೈಯನ್ನ ಒತ್ತಿ. ಪಾದ ಗೇಟಿನ ಹಾಗೆ ತೂಗಾಡಿದ್ರೆ ಲಾಕ್ ಆಗಿಲ್ಲ. ಮೊಣಕಾಲಿನ ಕೆಳಗೆ ಪೂರ್ತಿ ಒಂದೇ ಹಲಗೆ ಥರ ಗಟ್ಟಿ ಅನ್ನಿಸಿದ್ರೆ ಸರಿ. ಆಮೇಲೆ ಇಬ್ಬರನ್ನ ಎದುರುಬದುರು ನಿಲ್ಲಿಸಿ, ನಡುವೆ ಬಾಲ್ ಇಟ್ಟು, ಒಂದು ಹೆಜ್ಜೆ ದೂರದಿಂದ ‘ಒಂದು, ಎರಡು, ಮೂರು’ ಅಂತ ಎಣಿಸಿ. ಮೂರಕ್ಕೆ ಇಬ್ಬರೂ ಒಟ್ಟಿಗೆ ಒತ್ತಬೇಕು. ಅರೆಮನಸ್ಸಿಂದ ಒತ್ತಿದವರಿಗೇ ಸಾಮಾನ್ಯವಾಗಿ ನೋವಾಗೋದು, ಕಾಲು ಸಡಿಲ ಬಿಟ್ಟಿರ್ತಾರೆ. ಪ್ರತಿ ಕಾಲಿಗೆ ಎಂಟು ಸಲ ಸಾಕು. ಬಾಲ್ ಇಬ್ಬರ ಕಾಲಿನ ನಡುವೆ ಸಿಕ್ಕಿಹಾಕ್ಕೊಂಡ್ರೆ ಇನ್ನೂ ಜೋರಾಗಿ ಒದೆಯೋದಲ್ಲ, ಪಾದವನ್ನ ಸ್ವಲ್ಪ ಕೆಳಗೆ ತಂದು ಬಾಲನ್ನ ಅವನ ಕಾಲ ಮೇಲಿಂದ ಉರುಳಿಸಬೇಕು.

ಜೋಡಿ ಮಾಡುವಾಗ ಹುಟ್ಟಿದ ವರ್ಷ ನೋಡಬೇಡಿ, ಮೈಕಟ್ಟು ನೋಡಿ. ಹನ್ನೆರಡು ಹದಿಮೂರರಲ್ಲಿ ಒಬ್ಬ ಮೀಸೆ ಬರೋಕೆ ಶುರುವಾದವನು, ಇನ್ನೊಬ್ಬ ಇನ್ನೂ ಅಮ್ಮನ ಸೊಂಟದೆತ್ತರ. ಸರ್ರನೆ ಉದ್ದ ಆದ ಮಕ್ಕಳ ಟೈಮಿಂಗ್ ಕೆಲವು ತಿಂಗಳು ಕೆಡುತ್ತೆ. ಕಾಲು ಎಲ್ಲಿಗೆ ಮುಗಿಯುತ್ತೆ ಅಂತ ಅವರಿಗೇ ಗೊತ್ತಿರಲ್ಲ. ಅದು ಸೋಮಾರಿತನ ಅಲ್ಲ.

ಯಾವಾಗ ಹೋಗಬೇಕು ಅನ್ನೋದಕ್ಕೆ ಸೂಚನೆ ಮೂರು. ಎದುರಾಳಿಯ ಟಚ್ ಉದ್ದ ಆಗಿ ಬಾಲ್ ಅವನ ಕಾಲಿಂದ ದೂರ ಹೋದಾಗ, ತಲೆ ತಗ್ಗಿಸಿ ಬಾಲ್ ಹುಡುಕ್ತಿರುವಾಗ, ಅಥವಾ ನಿಮಗೆ ಬೆನ್ನು ಹಾಕಿ ತಿರುಗೋಕೆ ಹೊರಟಾಗ. ಬಾಲ್ ಅವನ ಪಾದಕ್ಕೆ ಅಂಟಿರುವಾಗ ಹೋಗೋದು ಲಾಟರಿ.

ಇನ್ನು ಸ್ಲೈಡ್, ಅಂದ್ರೆ ನೆಲದ ಮೇಲೆ ಜಾರಿ ಬಾಲ್ ಕಿತ್ಕೊಳ್ಳೋದು. ರೀಲ್ಸ್ ನೋಡಿ ಎಲ್ಲರಿಗೂ ಅದೇ ಬೇಕು. ನನ್ನ ಮಟ್ಟಿಗೆ ಹನ್ನೆರಡರ ಒಳಗಿನ ಮಕ್ಕಳಿಗೆ ಬೇಡವೇ ಬೇಡ, ಆಮೇಲೂ ಒದ್ದೆ ಹುಲ್ಲಿದ್ರೆ ಮಾತ್ರ. ನಮ್ಮ ಹೆಚ್ಚಿನ ಟರ್ಫ್‌ಗಳು ಪ್ಲಾಸ್ಟಿಕ್ ಹುಲ್ಲು, ಜಾರಿದ್ರೆ ತೊಡೆಯ ಚರ್ಮ ಸುಟ್ಟಂಗೆ ಏಳುತ್ತೆ. ಆಸ್ಟಿನ್ ಟೌನ್, ಗೌತಮಪುರದ ಕಡೆ ಹಳೆ ಹುಡುಗರು ಆಡಿ ಬೆಳೆದಂಥ ಕೆಂಪು ಮಣ್ಣಲ್ಲಿ ಜಾರಿದ್ರೆ ಕಲ್ಲು ಮಾತಾಡುತ್ತೆ. ಸ್ಲೈಡ್ ತಪ್ಪಿದ ಡಿಫೆಂಡರ್ ಏಳೋಕೆ ಒಂದೆರಡು ಸೆಕೆಂಡ್ ಬೇಕು, ಐದು ಜನರ ಆಟದಲ್ಲಿ ಅಷ್ಟರಲ್ಲಿ ಗೋಲ್ ಆಗಿಹೋಗಿರುತ್ತೆ. ಕಲಿಸಲೇಬೇಕು ಅಂದ್ರೆ ಕುಕ್ಕರಗಾಲಲ್ಲಿ ಕೂತು ಅಲ್ಲಿಂದ ಜಾರೋದ್ರಿಂದ ಶುರು ಮಾಡಿ. ಒಂದು ಕಾಲು ಮಡಚಿ, ಮಂಡಿ ಮೇಲೆ ಬೀಳದೆ ತೊಡೆಯ ಪಕ್ಕದ ಮೇಲೆ. ಅಂಗೈ ಹಿಂದೆ ಊರಬಾರದು, ಮಣಿಕಟ್ಟು ಹೋಗುತ್ತೆ.

‘ಬಾಲೇ ಮುಟ್ಟಿದ್ದು ಸಾರ್!’ ಅಂತ ರೆಫರಿ ಮೇಲೆ ಕೂಗೋದನ್ನೂ ನಾವೇ ಕಲಿಸಿದ್ದು. ಆಟದ 12ನೇ ನಿಯಮ ನೋಡೋದು ಟ್ಯಾಕಲ್ ಹೇಗಿತ್ತು ಅಂತ. ಅಜಾಗರೂಕ ಆದ್ರೆ ಫೌಲ್, ಎದುರಾಳಿಗೆ ಅಪಾಯ ಲೆಕ್ಕಿಸದೆ ಹೋದ್ರೆ ಹಳದಿ ಕಾರ್ಡ್, ಅತಿಯಾದ ಬಲ ಹಾಕಿದ್ರೆ ಕೆಂಪು. ಬಾಲ್ ಮೊದಲು ಮುಟ್ಟಿದ್ದಕ್ಕೆ ಮಾಫಿ ಅಂತ ಅಲ್ಲೆಲ್ಲೂ ಇಲ್ಲ. ಮಂಡಿ ಕೆಳಗಿನ ಮೂಳೆ ಕಾಯೋ ಶಿನ್‌ಗಾರ್ಡ್ 4ನೇ ನಿಯಮದಲ್ಲಿ ಕಡ್ಡಾಯ. ಫ್ಯಾಷನ್‌ಗೆ ಬಿಸ್ಕತ್ತಿನಷ್ಟು ಚಿಕ್ಕದು ಹಾಕೋದು ಬಿಡಿಸಿ.

ಅಪ್ಪ ಅಮ್ಮಂದಿರಿಗೆ ಒಂದು ಕೆಲಸ. ಮುಂದಿನ ಸಲ ಬಲೆ ಆಚೆ ನಿಂತಾಗ ಕೂಗೋ ಬದಲು ಫೋನನ್ನ ಮಂಡಿ ಎತ್ತರಕ್ಕೆ ಇಳಿಸಿ, ಪಕ್ಕದಿಂದ, ಸ್ಲೋ ಮೋಷನಲ್ಲಿ ಹಿಡೀರಿ. ಕಾಲು ಬಾಲಿಗೆ ತಾಗೋ ಫ್ರೇಮಲ್ಲಿ ನಿಲ್ಲಿಸಿ. ಊರಿದ ಕಾಲು ಬಾಲಿನ ಪಕ್ಕದಲ್ಲಿದೆಯಾ, ಮಂಡಿ ಬಗ್ಗಿದೆಯಾ, ತಲೆ ಬಾಲಿನ ಮೇಲಿದೆಯಾ ನೋಡಿ, ಮಗುವಿಗೂ ತೋರಿಸಿ. ಊರಿದ ಕಾಲು ಒಂದು ಮೊಳ ಹಿಂದೆ ಉಳಿದಿದ್ರೆ ಮತ್ತೆ ಒಂದು ಹೆಜ್ಜೆ ದೂರದ ಅಭ್ಯಾಸಕ್ಕೇ ವಾಪಸ್, ಒಂದು, ಎರಡು, ಮೂರು.