ಪೆಂಡಾಲ್ ಕಟ್ಟುವ ಮೊದಲು ಪಟ್ಟಿ ಎತ್ತಿ

ಎಲ್ಲರಿಗೂ ನಮಸ್ಕಾರ. ಮೈಕು ನನ್ನದೇ, ಕುರ್ಚಿಗಳೂ ನನ್ನವೇ, ಮೇಲೆ ಕಟ್ಟಿರುವ ಬಟ್ಟೆಯೂ ನನ್ನದೇ. ಹಾಗಾಗಿ ಇವತ್ತು ನಾನು ಸ್ವಲ್ಪ ಜಾಸ್ತಿ ಮಾತಾಡಿದರೆ ಮೈಕ್ ಕಿತ್ತುಕೊಳ್ಳುವವರು ಯಾರೂ ಇಲ್ಲ.

ಗಂಗಾವತಿಯಲ್ಲಿ ಇಪ್ಪತ್ತು ವರ್ಷದಿಂದ ಶಾಮಿಯಾನ ಅಂಗಡಿ ನಡೆಸುತ್ತಿದ್ದೇನೆ. ಹೊಳೆಯ ಈ ದಂಡೆಯಲ್ಲಿ, ಹಂಪಿ ಎದುರಿಗಿರುವ ಆನೆಗೊಂದಿ, ಸಾಣಾಪುರದ ಹೋಂಸ್ಟೇ ಅಣ್ಣಂದಿರು, ಸಂಘದ ಅಕ್ಕಂದಿರು ಸೇರಿಕೊಂಡು, ಊರಿಗೆ ಒಂದು ಹಬ್ಬ ಮಾಡಬೇಕು, ಅದಕ್ಕೆ ದುಡ್ಡು ಎಲ್ಲಿಂದ ತರೋದು, ಹೇಗೆ ಮಾಡೋದು ಅಂತ ಮಾತಾಡಿ ಅಂದರು. ನಾನು ಪ್ರೊಫೆಸರ್ ಅಲ್ಲ. ಉತ್ಸವಗಳನ್ನು ಹಿಂದಿನಿಂದ, ಅಂದರೆ ಪರದೆ ಹಿಂದೆ ಜನರೇಟರ್ ಪಕ್ಕ ನಿಂತು ನೋಡಿದವನು. ಅಲ್ಲಿಂದ ಕಾಣಿಸಿದ್ದನ್ನೇ ಹೇಳುತ್ತೇನೆ.

ಮೊದಲು ಎರಡು ಬಿಲ್ಲಿನ ಕಥೆ. ಕೆಲವು ವರ್ಷದ ಹಿಂದೆ ಒಂದು ದೊಡ್ಡ ಉತ್ಸವಕ್ಕೆ ಪೆಂಡಾಲ್ ಹಾಕಿದೆ. ಯಾವುದು, ಯಾರದು ಅಂತ ಹೇಳಲ್ಲ, ನಾಳೆ ಮತ್ತೆ ಅವರ ಹತ್ತಿರವೇ ಹೋಗಬೇಕು. ಸಂಜೆ ಆರಕ್ಕೆ ಕಾರ್ಯಕ್ರಮ, ಮಧ್ಯಾಹ್ನ ಮೂರಾದರೂ ಜನರೇಟರಿಗೆ ಡೀಸೆಲ್ ಯಾರು ಹಾಕಿಸಬೇಕು ಅಂತ ಯಾರಿಗೂ ಗೊತ್ತಿಲ್ಲ. ಕೊನೆಗೆ ನನ್ನ ಹುಡುಗನೇ ಬೈಕಿನ ಮೇಲೆ ಎರಡು ಕ್ಯಾನು ಕಟ್ಟಿಕೊಂಡು ಬಂದ. ಆ ಬಿಲ್ಲು ಕೈಗೆ ಬರೋಕೆ ಹದಿನಾಲ್ಕು ತಿಂಗಳು ಹಿಡಿಯಿತು, ಅದೂ ಮುಕ್ಕಾಲು ಪಾಲು. ಡೀಸೆಲ್ ದುಡ್ಡು ಬರಲೇ ಇಲ್ಲ, ಯಾಕಂದರೆ ಡೀಸೆಲ್ ಯಾರು ಹಾಕಿಸಬೇಕು ಅನ್ನೋದು ಆಗಲೂ ತೀರ್ಮಾನ ಆಗಿರಲಿಲ್ಲ.

ಅದೇ ವರ್ಷ ಒಂದು ಸಣ್ಣ ಹಳ್ಳಿಯ ಜಾತ್ರೆಗೂ ಕಟ್ಟಿದ್ದೆ. ತೇರು ಎಳೆದ ಮೂರನೇ ದಿನ ಹಿರಿಯರೊಬ್ಬರು ಅಂಗಡಿಗೆ ಬಂದು ದುಡ್ಡು ಕೊಟ್ಟರು. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ನೋಟುಗಳು, ಸುಕ್ಕು ಸುಕ್ಕು, ಕೆಲವಕ್ಕೆ ಭಂಡಾರ ಹತ್ತಿತ್ತು. ಎಣಿಸೋಕೆ ಒಂದು ತಾಸು ಬೇಕಾಯಿತು. ಲೆಕ್ಕ ಮಾತ್ರ ಒಂದು ರೂಪಾಯಿ ಆಚೀಚೆ ಇರಲಿಲ್ಲ.

ಈ ಎರಡರ ನಡುವಿನ ವ್ಯತ್ಯಾಸ ಪ್ರಾಮಾಣಿಕತೆಯದ್ದು ಅಂತ ನಾನು ಹೇಳಲ್ಲ. ಮೊದಲನೆಯದರಲ್ಲೂ ಒಳ್ಳೆಯವರೇ ಇದ್ದರು, ರಾತ್ರಿಯೆಲ್ಲ ನಿದ್ದೆಗೆಟ್ಟು ದುಡಿದರು. ಆದರೆ ಅಲ್ಲಿ ದುಡ್ಡು ಎಲ್ಲೋ ದೂರದಿಂದ, ಕಾರ್ಯಕ್ರಮ ಆದ ಮೇಲೆ ಬರಬೇಕಿತ್ತು. ಹಳ್ಳಿಯಲ್ಲಿ ತೇರಿಗೆ ಹಗ್ಗ ಕಟ್ಟುವ ಮೊದಲೇ ಪಟ್ಟಿ, ಅಂದರೆ ಮನೆ ಮನೆಯ ವಂತಿಗೆ, ಎತ್ತಿ ಮುಗಿದಿತ್ತು.

ನಮ್ಮ ಕಡೆ ಉತ್ಸವ ಅಂದ ಕೂಡಲೇ ಸರ್ಕಾರದ ಕಡೆ ನೋಡೋದು ರೂಢಿ. ಹಂಪಿ ಉತ್ಸವ ಎಂಬತ್ತರ ದಶಕದಲ್ಲಿ ಮಂತ್ರಿ ಎಂ.ಪಿ. ಪ್ರಕಾಶ್ ಅವರ ಕಾಲದಲ್ಲಿ ಶುರುವಾಯಿತು. ಅದನ್ನು ನೋಡಿ ಆನೆಗೊಂದಿ ಉತ್ಸವ, ಕನಕಗಿರಿ ಉತ್ಸವ ಬಂದವು. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಅನ್ನುತ್ತಾರಲ್ಲ, ಉತ್ಸವ ನೋಡಬೇಕು ಅಂದರೆ ಕಣ್ಣು, ಕಾಲಿನ ಜೊತೆ ಅದೃಷ್ಟವೂ ಇರಬೇಕು. ಒಂದು ವರ್ಷ ಬರ, ಒಂದು ವರ್ಷ ನೆರೆ, ಒಂದು ವರ್ಷ ಚುನಾವಣೆ ನೀತಿಸಂಹಿತೆ. ತಾರೀಖು ಮುಂದಕ್ಕೆ ಹೋಗುತ್ತೆ, ಇಲ್ಲಾ ಆ ವರ್ಷ ಬಿಟ್ಟೇ ಹೋಗುತ್ತೆ. ಅದು ಸರ್ಕಾರದ ಉತ್ಸವ, ಅದು ಹಾಗೇ ಇರಲಿ, ಬಂದಾಗ ಖುಷಿಯಿಂದ ನೋಡೋಣ. ಆದರೆ ಹೋಂಸ್ಟೇಯಲ್ಲಿ ಮುಂಗಡ ಬುಕಿಂಗ್ ತಗೊಳ್ಳುವವರು ಅದನ್ನು ನಂಬಿಕೊಂಡು ಕೂರೋಕೆ ಆಗುತ್ತಾ?

ಇನ್ನೊಂದು ಕಡೆ ಕೊಪ್ಪಳದ ಗವಿಮಠದ ಜಾತ್ರೆ ನೋಡಿ. ಪುಷ್ಯ ಬಹುಳ ಬಿದಿಗೆಗೆ ತೇರು. ಈ ತಾರೀಖಿಗೆ ಯಾರ ಸಹಿಯೂ ಬೇಕಾಗಿಲ್ಲ, ಪಂಚಾಂಗ ತೆಗೆದರೆ ಸಾಕು. ಜಾತ್ರೆಗೆ ವಾರಗಟ್ಟಲೆ ಮುಂಚೆ ಹಳ್ಳಿ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿಯೋಕೆ ಕೂರುತ್ತಾರೆ. ಟ್ರಾಕ್ಟರಿನಲ್ಲಿ ರೊಟ್ಟಿ ಬರುತ್ತೆ, ಕಾಳು ಬರುತ್ತೆ, ಕಟ್ಟಿಗೆ ಬರುತ್ತೆ. ದಾಸೋಹದ ಮಿರ್ಚಿ ಭಜಿಯನ್ನು ಲಕ್ಷದ ಲೆಕ್ಕದಲ್ಲಿ ಕರಿಯುತ್ತಾರೆ, ಬಾಣಲೆ ಮುಂದೆ ಪಾಳಿ ಹಚ್ಚಿಕೊಂಡು ಜನ ನಿಲ್ಲುತ್ತಾರೆ. ನಾನು ಒಂದು ಸಲ ಆ ರೊಟ್ಟಿ ಒಟ್ಟುವ ಜಾಗದಲ್ಲಿ ಒಂದು ತಾಸು ಸುಮ್ನೆ ನಿಂತು ನೋಡಿದೆ. ಹೊಸ ರೊಟ್ಟಿ ಒಂದು ಕಡೆ, ಹಳೇದು ಒಂದು ಕಡೆ, ಮೊದಲು ಬಂದದ್ದು ಮೊದಲು ಹೊರಗೆ. ಹೇಳಿಕೊಟ್ಟವರು ಯಾರು ಅಂತ ಕೇಳಿದರೆ ಒಬ್ಬಮ್ಮ ನಕ್ಕರು, “ರೊಟ್ಟಿ ಬೂಸ್ಟು ಹಿಡಿತಾವಲ್ಲಪ್ಪಾ” ಅಂದರು. ಅಷ್ಟೇ ಪ್ಲಾನಿಂಗು.

ನಮ್ಮ ಊರಿನ ತೊಂದರೆ ಏನಂದರೆ ಇದು ಬರೀ ಜಾತ್ರೆ ಊರಲ್ಲ, ಬರೀ ಪ್ರವಾಸಿ ಊರೂ ಅಲ್ಲ. ಅರ್ಧ ಜನಕ್ಕೆ ಗದ್ದೆ, ಅರ್ಧ ಜನಕ್ಕೆ ರೂಮು. ಇಂಥ ಊರುಗಳು ಬೇರೆ ಕಡೆ ಏನು ಮಾಡುತ್ತವೆ ಅಂತ ಫೋನಿನಲ್ಲಿ ಓದಿದೆ, ಹೋಗಿ ನೋಡಿದ್ದಲ್ಲ.

ಅಮೆರಿಕದ ಕೊಲರಾಡೊದಲ್ಲಿ ವೇಲ್ ಅಂತ ಒಂದು ಊರಿದೆ. 1962ರಲ್ಲಿ ಅಲ್ಲಿ ಹಿಮದ ಮೇಲೆ ಜಾರುವ ಆಟದ ಗುಡ್ಡ ಶುರುವಾಯಿತು, 1966ರಲ್ಲಿ ಪಟ್ಟಣ ಆಯಿತು. ಖಾಯಂ ಇರುವ ಜನ 5 ಸಾವಿರದೊಳಗೆ. ನಮ್ಮ ಎಷ್ಟೋ ಪಂಚಾಯಿತಿಗಳು ಇದಕ್ಕಿಂತ ದೊಡ್ಡವು. ಹಿಮ ಕರಗಿದ ಮೇಲೆ ಯಾರು ಬರುತ್ತಾರೆ? ಅದಕ್ಕೆ ಅವರು ತಂಗುವ ರೂಮಿನ ಬಾಡಿಗೆ ಮೇಲೆ ನೂರಕ್ಕೆ 1.4ರಷ್ಟು ಬೇರೆ ತೆರಿಗೆ ಹಾಕಿಕೊಂಡು, ಆ ದುಡ್ಡನ್ನು ಮುಖ್ಯವಾಗಿ ಬೇಸಿಗೆ ಕಾಲದಲ್ಲಿ ಜನರನ್ನು ಕರೆಸೋಕೆ ಬಳಸಿದರು. ಕಾರ್ಯಕ್ರಮಗಳಿಗೆ ಅಂತಲೇ ಪಟ್ಟಣದ್ದು ಇನ್ನೊಂದು ಸಮಿತಿ. ಕಾರ್ಯಕ್ರಮ ಮಾಡುವವರು ಮುಂಚೆಯೇ ಅರ್ಜಿ ಹಾಕಬೇಕು. ಯಾವ ತಿಂಗಳು, ಎಷ್ಟು ಖರ್ಚು, ಊರಿಗೆ ಏನು ಲಾಭ ಅಂತ ಹೇಳಬೇಕು. ಮುಗಿದ ಮೇಲೆ ಮತ್ತೆ ಬಂದು ಎಷ್ಟು ಜನ ಬಂದರು, ಎಲ್ಲಿ ಎಡವಿದೆವು ಅಂತ ಒಪ್ಪಿಸಬೇಕು.

ಕೆನಡಾದ ವಿಸ್ಲರ್ ಕೂಡ ಇಂಥದ್ದೇ. 1975ರಲ್ಲಿ ಅದನ್ನು ರೆಸಾರ್ಟ್ ಪುರಸಭೆ ಅಂತಲೇ ಮಾಡಿದರು. ಅಲ್ಲೂ ಹೋಟೆಲ್ ರೂಮಿನ ತೆರಿಗೆಯಲ್ಲಿ ಒಂದು ಪಾಲು ಊರಿಗೇ ವಾಪಸ್ ಬರುತ್ತೆ.

ನಮ್ಮಲ್ಲಿ ಹಾಗಿಲ್ಲ. ರೂಮಿಗೆ ಜಿಎಸ್‌ಟಿ ಕಟ್ಟಿದರೆ ಅದು ರಾಜ್ಯಕ್ಕೂ ಕೇಂದ್ರಕ್ಕೂ ಹೋಗುತ್ತೆ. ಆನೆಗೊಂದಿ ರಸ್ತೆಯ ಕಸ ಎತ್ತೋಕೆ ಅಂತ ತಿರುಗಿ ಬರಲ್ಲ. ಹಾಗಾದರೆ ಪಂಚಾಯಿತಿ ಕೈ ಖಾಲಿಯಾ? ಅಲ್ಲ. 1993ರ ನಮ್ಮ ಪಂಚಾಯತ್ ರಾಜ್ ಕಾನೂನಿನ 199ನೇ ಕಲಂ ತೆಗೆದು ಓದಿ. ಸಿನಿಮಾ ಬಿಟ್ಟು ಉಳಿದ ಮನರಂಜನೆ ಮೇಲೆ, ಜಾಹೀರಾತು ಫಲಕದ ಮೇಲೆ ಗ್ರಾಮ ಪಂಚಾಯಿತಿ ತೆರಿಗೆ ಹಾಕಬಹುದು. ಸಂತೆಯ ಶುಲ್ಕ ತಗೊಳ್ಳಬಹುದು. ನೀರು, ಆರೋಗ್ಯ, ಸ್ವಚ್ಛತೆಯ ವ್ಯವಸ್ಥೆ ಪಂಚಾಯಿತಿಯೇ ಮಾಡಿದ್ದರೆ ಜಾತ್ರೆ, ಹಬ್ಬಕ್ಕೆ ಬರುವವರಿಂದ ಯಾತ್ರಿಕರ ಶುಲ್ಕವನ್ನೂ ತಗೊಳ್ಳಬಹುದು. ಆ ಮಾತನ್ನು ಗಮನಿಸಿ, ವ್ಯವಸ್ಥೆ ಮಾಡಿದ್ದರೆ ಮಾತ್ರ. ಅಂಜನಾದ್ರಿಗೆ ಹನುಮಮಾಲೆ ವಿಸರ್ಜನೆ ದಿನ ಬರುವ ಜನ ನೋಡಿದವರಿಗೆ ಇದರ ಅರ್ಥ ಗೊತ್ತಾಗುತ್ತೆ.

ಈಗ ಹೋಂಸ್ಟೇ ಅಣ್ಣಂದಿರಿಗೆ ಒಂದು ಲೆಕ್ಕ. ಇದು ನಿಜವಾದ ಅಂಕಿ ಅಲ್ಲ, ಸುಮ್ನೆ ಉದಾಹರಣೆಗೆ. ಊರಲ್ಲಿ 50 ರೂಮು ಅಂದುಕೊಳ್ಳಿ. ಸೀಸನ್ನಿನಲ್ಲಿ ಒಂದೊಂದು ರೂಮು 60 ರಾತ್ರಿ ತುಂಬಿತು ಅಂದುಕೊಳ್ಳಿ. ಒಂದು ರಾತ್ರಿಗೆ 20 ರೂಪಾಯಿ ಊರ ಹಬ್ಬದ ಡಬ್ಬಿಗೆ. 60 ಸಾವಿರ ಆಯಿತು. ಸಿನಿಮಾ ಗಾಯಕರನ್ನು ಕರೆಸೋಕೆ ಇದು ಸಾಲಲ್ಲ, ಅವರ ಕಾರಿನ ಬಾಡಿಗೆಗೆ ಆಗಬಹುದು. ಆದರೆ ಊರವರೇ ಮಾಡುವ ಎರಡು ದಿನದ ಹಬ್ಬಕ್ಕೆ ಬೆಳಕು, ತಾತ್ಕಾಲಿಕ ಶೌಚಾಲಯ, ಕಸ ಎತ್ತುವವರ ಕೂಲಿಗೆ ಇಷ್ಟರಿಂದ ಶುರು ಮಾಡಬಹುದು. ನನ್ನ ಬಿಲ್ಲೂ ಸೇರಿಸಿಕೊಳ್ಳಿ.

ಇಲ್ಲೊಂದು ಮುಳ್ಳಿದೆ, ಅದನ್ನು ಮುಚ್ಚಿಟ್ಟು ಮಾತಾಡೋದು ಬೇಡ. ರೂಮು ಎಷ್ಟಿವೆ ಅಂತ ಕೇಳಿದರೆ ಯಾರೂ ಬಾಯಿ ಬಿಡಲ್ಲ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚಿನಲ್ಲಿ ನದಿ ನಡುವಿನ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಅಕ್ರಮ ಅಂತ ಕೆಡವಿದರು. ಅವತ್ತಿನ ಜೆಸಿಬಿ ಸದ್ದು ಈ ದಂಡೆಯವರ ಕಿವಿಯಲ್ಲಿ ಇನ್ನೂ ಇದೆ. ಹಾಗಾಗಿ ಆರು ರೂಮಿದ್ದವರು ಮೂರು ಅನ್ನುತ್ತಾರೆ. ತಪ್ಪು ಅಂತ ನಾನು ಬೈಯಲ್ಲ. ಅದಕ್ಕೆ ನನ್ನ ಮಾತು ಇಷ್ಟು: ರೂಮು ಎಣಿಸೋಕೆ ಹೋಗಬೇಡಿ. ಜಾತ್ರೆ ಪಟ್ಟಿ ಹಾಗೆ ಮನೆ ಲೆಕ್ಕದಲ್ಲಿ ಎತ್ತಿ. ಇಂತಿಷ್ಟು ಕೊಡುತ್ತೇನೆ ಅಂತ ಅವರೇ ಸೀಸನ್ನಿನ ಮೊದಲಿಗೆ ಹೇಳಲಿ, ರಂಗನಾಥಸ್ವಾಮಿ ಗುಡಿ ಮುಂದೆ ಜೋರಾಗಿ ಓದೋಣ. ಪಕ್ಕದವರು ಎಷ್ಟು ಬರೆಸಿದರು ಅಂತ ಕೇಳಿದ ಮೇಲೆ ನಮ್ಮವರು ಕಡಿಮೆ ಬರೆಸಲ್ಲ, ಅಲ್ವಾ? ದುಡ್ಡು ನೋಂದಣಿಯಾದ ಸಂಘದ ಬ್ಯಾಂಕ್ ಖಾತೆಗೆ, ಇಬ್ಬರ ಸಹಿ, ಪ್ರತಿಯೊಂದಕ್ಕೂ ರಸೀದಿ.

ಕಂಪನಿಗಳ ಸಿಎಸ್‌ಆರ್ ದುಡ್ಡು, ಅಂದರೆ ಅವರು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ದುಡ್ಡು, ಕೇಳೋಣ ಅಂತ ಯುವಕ ಮಂಡಳಿಯವರು ಅಂದರು. ಕೇಳಿ, ಆದರೆ ಸರಿಯಾಗಿ ಕೇಳಿ. ಒಂದು ದಿನದ ಕಾರ್ಯಕ್ರಮದ ಪ್ರಾಯೋಜಕತ್ವ ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ ಅಂತ ಕೇಂದ್ರ ಸರ್ಕಾರ 2014ರಲ್ಲೇ ಸುತ್ತೋಲೆ ಹೊರಡಿಸಿದೆ. ಕಲೆ, ಪರಂಪರೆ, ಸ್ವಚ್ಛತೆಯ ಕೆಲಸ ಬರುತ್ತೆ. ಹಬ್ಬಕ್ಕೆ ಅಂತ ಕೇಳಬೇಡಿ, ವರ್ಷವಿಡೀ ನಿಲ್ಲುವ ಶೌಚಾಲಯಕ್ಕೆ ಕೇಳಿ, ಹಬ್ಬದ ದಿನವೂ ಅದು ಅಲ್ಲೇ ಇರುತ್ತಲ್ಲ. ರೈಸ್ ಮಿಲ್ಲಿನವರ ಹತ್ತಿರ ದುಡ್ಡು ಕೇಳಬೇಡಿ, ಅಕ್ಕಿ ಕೇಳಿ. ಗಂಗಾವತಿಯಲ್ಲಿ ಇಪ್ಪತ್ತು ವರ್ಷ ವ್ಯಾಪಾರ ಮಾಡಿದವನ ಅನುಭವ ಇದು.

ಇನ್ನು ತಾರೀಖು. ಉತ್ಸವ ಕೆಡೋದು ಸ್ಟೇಜಿನ ಮೇಲಲ್ಲ, ಕ್ಯಾಲೆಂಡರಿನಲ್ಲಿ. ಜುಲೈಯಿಂದ ಸೆಪ್ಟೆಂಬರ್ ತನಕ ನದಿ ದಂಡೆ ಮಾತು ಬೇಡ. ತುಂಗಭದ್ರಾ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ನಡುಗಡ್ಡೆಯ ನವಬೃಂದಾವನವೇ ಮುಳುಗುತ್ತೆ, ಕಂಪ್ಲಿ ಸೇತುವೆ ಬಂದ್ ಆಗುತ್ತೆ. 2024ರ ಆಗಸ್ಟ್ 10ರ ರಾತ್ರಿ ಆ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ದಂಡೆಯಲ್ಲಿ ಪೆಂಡಾಲ್ ಇದ್ದಿದ್ದರೆ ನನ್ನ ಕಂಬಗಳನ್ನು ನಾನು ಎಲ್ಲಿ ಹುಡುಕಬೇಕಿತ್ತೋ. ನವೆಂಬರಿನಲ್ಲಿ ಭತ್ತದ ಕೊಯ್ಲು. ರಸ್ತೆ ತುಂಬ ಮಷೀನು, ಟ್ರಾಕ್ಟರು, ರಸ್ತೆ ಪಕ್ಕ ಒಣಗಲು ಹರಡಿದ ಭತ್ತ. ಊರವರು ಯಾರೂ ಸಿಗಲ್ಲ. ಡಿಸೆಂಬರಿನಲ್ಲಿ ಹನುಮಮಾಲೆ, ಜೊತೆಗೆ ವರ್ಷದ ಕೊನೆಯ ವಾರ ರೂಮು ತಾವಾಗಿಯೇ ತುಂಬುತ್ತವೆ, ಹಬ್ಬ ಮಾಡಿ ಪ್ರಯೋಜನ ಇಲ್ಲ. ಜನವರಿಯಲ್ಲಿ ಗವಿಮಠ. ಏಪ್ರಿಲಿನಲ್ಲಿ ಈ ಬಂಡೆಗಳ ಬಿಸಿಲಿಗೆ ಕುರ್ಚಿ ಮುಟ್ಟೋಕೆ ಆಗಲ್ಲ. ಉಳಿದದ್ದು ಏನು? ಫೆಬ್ರವರಿ ಎರಡನೇ ವಾರದ ಆಸುಪಾಸು. ಅದನ್ನೇ ಹಿಡಿಯಿರಿ, ಪ್ರತಿ ವರ್ಷ ಅದನ್ನೇ ಹಿಡಿಯಿರಿ. ತಾರೀಖು ಖಾಯಂ ಇದ್ದರೆ ಮಾತ್ರ ಹೊರಗಿನ ಜನ ಮುಂಚೆ ಟಿಕೆಟ್ ತೆಗೆಸುತ್ತಾರೆ.

ಕಾರ್ಯಕ್ರಮದಲ್ಲಿ ಏನಿರಬೇಕು ಅನ್ನೋದು ನೀವೇ ನೋಡಿಕೊಳ್ಳಿ, ಒಂದು ಮಾತು ಮಾತ್ರ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆ ಆಟಕ್ಕೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಗೆ ಬೇಕಾಗಿರೋದು ಒಂದು ಬಿಳಿ ಪರದೆ, ಒಂದು ದೀಪ, ಸುತ್ತ ಕತ್ತಲು. ನಮ್ಮಲ್ಲಿ ಕತ್ತಲು ಪುಕ್ಕಟೆ ಸಿಗುತ್ತೆ. ಪಕ್ಕದಲ್ಲಿ ಕಿನ್ನಾಳ ಗೊಂಬೆ, ನಮ್ಮ ಅಕ್ಕಂದಿರ ಬಾಳೆ ನಾರಿನ ಬುಟ್ಟಿ ಇಡಿ. ಅದಕ್ಕೆ ನಲವತ್ತು ಅಡಿ ಸ್ಟೇಜು ಬೇಡ, ಸ್ಟೇಜು ಬಾಡಿಗೆಗೆ ಕೊಡುವ ನಾನೇ ಹೇಳುತ್ತಿದ್ದೇನೆ.

ಕತ್ತಲು ಅಂದೆ. ಪರದೆ ಸುತ್ತ ಕತ್ತಲಿರಲಿ, ದಾರಿಯಲ್ಲಿ ಬೇಡ. 2025ರ ಮಾರ್ಚಿನಲ್ಲಿ ಸಾಣಾಪುರದ ಕಾಲುವೆ ಹತ್ತಿರ ರಾತ್ರಿ ಹೊತ್ತು ಪ್ರವಾಸಿಗರ ಮೇಲೆ ದಾಳಿ ಆಯಿತು, ಅದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ದುಡ್ಡು ಕಡಿಮೆ ಬಿದ್ದರೆ ಸ್ಟೇಜಿನ ಬಣ್ಣದ ಲೈಟು ತೆಗೆಯಿರಿ, ದಾರಿಯ ಲೈಟು ತೆಗೆಯಬೇಡಿ. ರೂಮಿನಿಂದ ಮೈದಾನಕ್ಕೆ, ಮೈದಾನದಿಂದ ರೂಮಿಗೆ ಊರಿನ ಹುಡುಗರು, ಹುಡುಗಿಯರು ಗುರುತಿನ ಚೀಟಿ ಹಾಕಿಕೊಂಡು ನಿಲ್ಲಲಿ. ಪೊಲೀಸರಿಗೆ ಮುಂಚೆಯೇ ಪತ್ರ ಹೋಗಬೇಕು. ರಾತ್ರಿ ಹತ್ತಕ್ಕೆ ಮೈಕ್ ಬಂದ್, ಅದು ನಿಯಮ.

ಪರವಾನಗಿ ಬಗ್ಗೆ ಜಾಸ್ತಿ ಹೇಳಲ್ಲ. ಇದು ಹಂಪಿ ಪ್ರಾಧಿಕಾರದ ವ್ಯಾಪ್ತಿಯ ಊರು, ಅವರನ್ನು ಕೇಳದೆ ಒಂದು ಗೂಟ ಕೂಡ ಹೊಡೆಯಬೇಡಿ. ಗೂಟ ಅಂದದ್ದು ಸುಮ್ನೆ ಅಲ್ಲ. ಗಗನ ಮಹಲಿನಂಥ ಹಳೇ ಕಾಲದ ಕಟ್ಟಡದ ಹತ್ತಿರ ಕಂಬಕ್ಕೆ ಗುಂಡಿ ತೋಡಬಾರದು. ನಾನು ಹಳೇ ಡ್ರಮ್ಮುಗಳಿಗೆ ಮರಳು ತುಂಬಿ, ನಡುವೆ ಕಂಬ ನಿಲ್ಲಿಸಿ, ಹಗ್ಗವನ್ನು ಡ್ರಮ್ಮಿಗೇ ಕಟ್ಟುತ್ತೇನೆ. ಮೊದಲ ವರ್ಷ ಅರ್ಧ ಡ್ರಮ್ಮು ತುಂಬಿಸಿದ್ದೆ. ಸಂಜೆ ಗಾಳಿಗೆ ಇಡೀ ಪೆಂಡಾಲ್ ಎರಡು ಅಡಿ ನಡೆದುಕೊಂಡು ಹೋಯಿತು, ಕೆಳಗೆ ಭಾಷಣ ನಡೆದಿತ್ತು. ಈಗ ಕಂಠದವರೆಗೂ ತುಂಬಿಸುತ್ತೇನೆ.

ಹಬ್ಬ ಮುಗಿದ ವಾರದೊಳಗೆ ಗುಡಿ ಕಟ್ಟೆಯ ಮೇಲೆ ಕೂತು ಲೆಕ್ಕ ಓದಿ. ಬಂದದ್ದು, ಹೋದದ್ದು, ಕೊಡಬೇಕಾದದ್ದು. ವೇಲ್‌ನವರು ಒಪ್ಪಿಸುತ್ತಾರಲ್ಲ, ಹಾಗೆ. ಗದ್ದೆ ದಾರಿಗೆ ಕಾರು ನಿಲ್ಲಿಸಿದರು ಅಂತ ಒಬ್ಬ ರೈತ ಜಗಳ ತೆಗೆಯುತ್ತಾನೆ, ತೆಗೆಯಲಿ, ಅದನ್ನೂ ಬರೆದುಕೊಳ್ಳಿ.

ನನ್ನ ರೇಟು ಹೇಳಿಬಿಡುತ್ತೇನೆ, ಇಲ್ಲಾಂದರೆ ಆಮೇಲೆ ಒಬ್ಬೊಬ್ಬರೇ ಬಂದು ಕಿವಿಯಲ್ಲಿ ಕೇಳುತ್ತೀರಿ. ನೂರು ಕುರ್ಚಿ ಎರಡು ದಿನಕ್ಕೆ ಅರ್ಧ ಬಾಡಿಗೆ. ಪುಕ್ಕಟೆ ಕೊಡಲ್ಲ, ಪುಕ್ಕಟೆ ಹೋದ ಕುರ್ಚಿ ಪೂರ್ತಿ ವಾಪಸ್ ಬಂದದ್ದನ್ನು ನಾನು ನೋಡಿಲ್ಲ. ಉಳಿದ ಅರ್ಧ ನನ್ನ ಪಟ್ಟಿ ಅಂತ ಬರೆದುಕೊಳ್ಳಿ. ರಸೀದಿ ಪುಸ್ತಕ ಗಂಗಾವತಿಯಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದೇನೆ, ಇಲ್ಲೇ ಇದೆ. ಒಂದನೇ ನಂಬರ್ ಚೀಟಿ ನನ್ನ ಹೆಸರಿಗೆ ಹರಿದಾಯಿತು. ಎರಡನೆಯದು ಯಾರದು?